ಸಂಪಿಗೆ ಎನ್‌ಕ್ಲೇವಿನ ಮೊಟ್ಟೆ ವಾಸನೆ

ವಸಂತಪುರದ ಸಂಪಿಗೆ ಎನ್‌ಕ್ಲೇವಿನಲ್ಲಿ ಮೊಟ್ಟೆಯ ವಾಸನೆ ಬರುತ್ತಿದೆ ಎಂದು ಮೊದಲು ಹೇಳಿದವರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ನಲವತ್ತೆಂಟು ಮನೆಗಳ ಆ ಕಟ್ಟಡದ ನಿಯಮಾವಳಿಯ ಮೊದಲ ಸಾಲೇ ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’. ಹುಟ್ಟಿದಾಗಿನಿಂದ ಮೊಟ್ಟೆಯನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದವರಿಗೆ ಅದರ ವಾಸನೆ ಹೇಗೆ ಗುರುತು ಸಿಕ್ಕಿತು ಎಂದು ಯಾರಾದರೂ ಕೇಳಬಹುದಿತ್ತು. ಕೇಳಿದವರ ಮೇಲೇ ಅನುಮಾನ ಬರುತ್ತದೆಂದು ಎಲ್ಲರೂ ಸುಮ್ಮನಿದ್ದರು.

ಸಂಘದ ಕಾರ್ಯದರ್ಶಿ ಗುಂಡಣ್ಣನವರಂತೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ಬರೆದು ನಿವೃತ್ತರಾದವರು ಅವರು. ‘ಕಂಡುಬಂದಿದೆ’, ‘ತಿಳಿಯಪಡಿಸಲಾಗಿದೆ’, ‘ತಪ್ಪಿದಲ್ಲಿ’ ಎಂಬ ಮೂರು ಪದಗಳಿದ್ದರೆ ಸಾಕು, ಯಾವ ವಿಷಯದ ಮೇಲೂ ಸುತ್ತೋಲೆ ಹೊರಡಿಸಬಲ್ಲರು. ಹೆಂಡತಿ ಪಂಕಜಾ ಕೂಡ ಅವರ ಬರವಣಿಗೆಯ ಬಗ್ಗೆ ಹೆಮ್ಮೆಪಡುತ್ತಿದ್ದರು. ಆದರೆ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಬುಧವಾರ ಸಂಜೆ ‘ಬನಶಂಕರಿ ಲೈಬ್ರರಿಗೆ ಹೋಗಿ ಬರ್ತೀನಿ’ ಎಂದು ಹೊರಡುವ ಗಂಡ ಅಲ್ಲಿಗೆ ಹೋಗುತ್ತಿರಲಿಲ್ಲ ಎಂಬುದು ಪಂಕಜಾಗೆ ಗೊತ್ತಿರಲಿಲ್ಲ. ಗುಂಡಣ್ಣ ನೇರವಾಗಿ ಕುಮಾರಸ್ವಾಮಿ ಲೇಔಟಿನ ಬಸ್‌ಸ್ಟಾಪಿನ ಹಿಂದೆ ನಿಲ್ಲುವ ಲಕ್ಕವ್ವನ ಗಾಡಿಗೆ ಹೋಗಿ, ರಸ್ತೆಗೆ ಬೆನ್ನು ತಿರುಗಿಸಿ ನಿಂತು, ಎರಡು ಮೊಟ್ಟೆಯ ಆಮ್ಲೆಟ್ ತಿಂದು, ಮೇಲೊಂದು ಹಿಡಿ ಸೋಂಪು ಅಗಿದು ಮನೆಗೆ ಬರುತ್ತಿದ್ದರು. ಓದಿದ ಪುಸ್ತಕ ಯಾವುದೆಂದು ಪಂಕಜಾ ಕೇಳಿದರೆ ಒಂದು ಹೆಸರು ಸದಾ ಸಿದ್ಧವಿರುತ್ತಿತ್ತು.

ಇನ್ನು ವಾಸನೆಯ ವಿಷಯ. ಅದು ಸಾಮಾನ್ಯದ್ದಾಗಿರಲಿಲ್ಲ. ಬೆಳಗ್ಗೆ ಕಾಫಿ ಲೋಟ ಮೂಗಿನ ಹತ್ತಿರ ತಂದರೆ ಕಾಫಿಗಿಂತ ಮೊದಲು ಅದೇ ಬಂದು ಕೂರುತ್ತಿತ್ತು. ಲಿಫ್ಟಿನಲ್ಲಿ ನಾಲ್ಕು ಜನ ನಿಂತರೆ ನಾಲ್ವರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು. ಅಷ್ಟೇ ಅಲ್ಲ, ಬೆಳ್ಳಿಯೆಲ್ಲ ಕಪ್ಪಾಗತೊಡಗಿತು. ಪಂಕಜಾ ತೊಳೆದಿಟ್ಟ ಕುಂಕುಮದ ಬಟ್ಟಲು ವಾರದೊಳಗೆ ಬಾಣಲೆಯ ತಳದ ಬಣ್ಣಕ್ಕೆ ತಿರುಗಿತು. ನೆಲಮಹಡಿಯಲ್ಲಿದ್ದ ಅಧ್ಯಕ್ಷ ಏಕಾಂತಯ್ಯನವರ ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಮೂರೇ ದಿನಕ್ಕೆ ಕಪ್ಪಾಯಿತು. ಅವರು ಮಾತು ಕಡಿಮೆ, ಪೂಜೆ ಹೆಚ್ಚು ಎನ್ನುವಂಥ ಮನುಷ್ಯ. ಕರಡಿಗೆ ಕಪ್ಪಾದ ದಿನ ಮಾತೂ ಹೆಚ್ಚಾಯಿತು.

“ಗುಂಡಣ್ಣೋರೇ, ಇದು ಮೊಟ್ಟೇದೇ ಕೆಲಸ. ಯಾರೋ ಒಳಗೆ ತಂದಿದಾರೆ.”

“ಮೇಲಿಂದ ಬರ್ತಿದೆಯೋ ಕೆಳಗಿಂದಲೋ ನೋಡ್ಬೇಕಲ್ಲ ಸಾರ್. ನಿಮ್ಮ ಮನೇಲೇ ಜಾಸ್ತಿ ಇದೆ.”

“ಕೆಟ್ಟ ವಾಸನೆ ಭಾರ ಇರುತ್ತೆ. ಮೇಲಿಂದ ಇಳಿದು ನಮ್ಮನೇಲಿ ಶೇಖರ ಆಗ್ತಿದೆ.”

ಈ ತರ್ಕಕ್ಕೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲೆ ಯಾರಿದ್ದಾರೆಂದು ಎಲ್ಲರೂ ಹುಡುಕಿದರು. ನಾಲ್ಕನೆಯ ಮಹಡಿಯ ಮನೆಗೆ ದೀಪಾವಳಿಯ ಮುಂಚೆ ಲತಾಮಣಿ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಜೆ.ಪಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಮಂಡಿನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ. ಒಬ್ಬಳೇ ಇರುತ್ತಾಳೆ, ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತಾಳೆ, ಅವಳು ಬಂದ ಹದಿನೈದು ದಿನಕ್ಕೆ ವಾಸನೆ ಶುರುವಾಯಿತು. ಇಷ್ಟಾದ ಮೇಲೆ ಇನ್ನೇನು ಬೇಕು. ಗುಂಡಣ್ಣ ಕೂತು ನೋಟಿಸು ಬರೆದರು: ‘ತಮ್ಮ ಮನೆಯಲ್ಲಿ ನಿಷಿದ್ಧ ಪದಾರ್ಥವನ್ನು ಬೇಯಿಸುತ್ತಿರುವುದು ಕಂಡುಬಂದಿದೆ. ತಿಂಗಳ ಕೊನೆಯೊಳಗೆ ಮನೆ ತೆರವು ಮಾಡತಕ್ಕದ್ದು.’ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅಭ್ಯಾಸಬಲದಿಂದ ಮುಂದಕ್ಕೆ ಹೋಯಿತು.

ನೋಟಿಸಿನ ಜೊತೆಗೆ ಎಲ್ಲ ಮನೆಗಳಿಗೂ ಇನ್ನೊಂದು ಸುತ್ತೋಲೆ ಹೋಯಿತು. ಪ್ರತಿದಿನ ಬೆಳಗ್ಗೆ ಬಚ್ಚಲಿನ ಮೋರಿಗೆ ಒಂದು ಲೋಟ ಫಿನಾಯಿಲ್, ಸಂಜೆ ಒಂದು ಹಿಡಿ ಬ್ಲೀಚಿಂಗ್ ಪೌಡರ್. ಎರಡು ದಿನ ವಾಸನೆ ಮಾಯವಾಯಿತು. ಜನ ಗುಂಡಣ್ಣನವರ ಕೈ ಕುಲುಕಿದರು. ಮೂರನೆಯ ದಿನ ವಾಸನೆ ಹಿಂದಿನದಕ್ಕಿಂತ ಒಂದು ಕೈ ಮೇಲಾಗಿ ಮರಳಿತು, ಫಿನಾಯಿಲನ್ನೂ ಜೊತೆಗೆ ಕರೆದುಕೊಂಡು.

ಆ ಬುಧವಾರ ಗುಂಡಣ್ಣ ಆಮ್ಲೆಟ್ಟಿಗೆ ನಿಂತಿದ್ದಾಗ ಒಂದು ಯೋಚನೆ ಬಂದಿತು. ಲಕ್ಕವ್ವ ಕಾವಲಿಯ ಮೇಲೆ ಈರುಳ್ಳಿ ಹರಡಿ ಮೊಟ್ಟೆ ಸುರಿದಳು. ಘಮ್ಮೆಂದು ವಾಸನೆ ಎದ್ದಿತು. ಇಪ್ಪತ್ತೆರಡು ವರ್ಷ ಮೂಗಿಗೆ ಹಿತವಾಗಿದ್ದ ಇದೇ ವಾಸನೆಯೇ ಅಪಾರ್ಟ್‌ಮೆಂಟಿನಲ್ಲಿ ಹೊಟ್ಟೆ ತೊಳೆಸುವಂತೆ ಮಾಡುತ್ತಿರುವುದು?

“ಲಕ್ಕವ್ವ, ಮೊಟ್ಟೆ ಕೆಟ್ಟ ವಾಸನೆ ಬರೋದು ಯಾವಾಗ?”

“ಕೆಟ್ಟಾಗ,” ಎಂದಳು ಲಕ್ಕವ್ವ.

“ಅಂದ್ರೆ ಹೆಂಗಿರುತ್ತೆ?”

ಲಕ್ಕವ್ವ ದಿನವೂ ಮೊಟ್ಟೆಗಳನ್ನು ಬಕೆಟ್ಟಿನ ನೀರಿಗೆ ಹಾಕಿ ಪರೀಕ್ಷೆ ಮಾಡುವವಳು. ಮುಳುಗಿದ್ದು ಒಳ್ಳೆಯದು, ತೇಲಿದ್ದು ಎಸೆಯುವುದು. ಎಸೆಯಲು ಇಟ್ಟಿದ್ದ ಒಂದನ್ನು ತಂದು, ಗಿರಾಕಿ ಕೇಳಿದ್ದನ್ನು ಕೊಡುವುದು ತನ್ನ ಧರ್ಮ ಎನ್ನುವಂತೆ, ಚರಂಡಿಯ ಅಂಚಿನಲ್ಲಿ ಒಡೆದು ತೋರಿಸಿದಳು. ಗುಂಡಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ಕಣ್ಣಲ್ಲಿ ನೀರು ಬಂತು. ಏಕಾಂತಯ್ಯನವರ ಪೂಜೆಮನೆಯ ವಾಸನೆಯೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

“ಇದನ್ನ ಯಾರಾದ್ರೂ ಬೇಯಿಸಿ ತಿಂತಾರಾ?”

“ತಿಂದ್ರೆ ವಾಸನೆ ಬರಲ್ಲ ಸಾರ್, ಆಂಬುಲೆನ್ಸ್ ಬರುತ್ತೆ.”

ಗುಂಡಣ್ಣ ಆಮ್ಲೆಟ್ಟು ಅರ್ಧಕ್ಕೇ ಬಿಟ್ಟು ಮನೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದೇ ವಿಷಯ ಕೊರೆಯುತ್ತಿತ್ತು. ಆ ಹುಡುಗಿ ಮೊಟ್ಟೆ ಬೇಯಿಸಲಿ ಬಿಡಲಿ, ಬೇಯಿಸಿದ ಮೊಟ್ಟೆಗೆ ಈ ವಾಸನೆ ಇಲ್ಲ. ಇದನ್ನು ಬಲ್ಲವರು ನಲವತ್ತೆಂಟು ಮನೆಗಳಲ್ಲಿ ತಾವೊಬ್ಬರೇ. ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಳದಿದ್ದರೆ ಆ ಹುಡುಗಿ ಈ ತಿಂಗಳು ಮುಗಿಯುವುದರೊಳಗೆ ಬೀದಿಯಲ್ಲಿ ಮನೆ ಹುಡುಕುತ್ತಿರುತ್ತಾಳೆ. ಅವರಿಗೆ ಭಯವಾಯಿತು, ಮತ್ತು ಭಯವಾದದ್ದಕ್ಕೆ ನಾಚಿಕೆಯೂ ಆಯಿತು. ಹೇಳದೆಯೇ ಹುಡುಗಿಯನ್ನು ಉಳಿಸುವ ಉಪಾಯ ಬೇಕಿತ್ತು.

ಮರುದಿನ ಬೆಳಗ್ಗೆ, ಇದು ಕೊಳೆತದ್ದರ ವಾಸನೆಯಾದರೆ ಕಟ್ಟಡದ ಕೊಳೆಯೆಲ್ಲ ಸೇರುವ ಜಾಗವನ್ನೇ ನೋಡಬೇಕೆಂದು, ಅವರು ಬೇಸ್‌ಮೆಂಟಿಗೆ ಇಳಿದು ತಿರುಮಲೇಶನನ್ನು ಹುಡುಕಿದರು. ಮನೆಗಳ ಕೊಳಚೆ ನೀರನ್ನೆಲ್ಲ ಶುದ್ಧ ಮಾಡುವ ಘಟಕ, ಅಂದರೆ ಎಲ್ಲರ ಬಾಯಲ್ಲಿ ‘ಎಸ್‌ಟಿಪಿ’, ಅಲ್ಲಿತ್ತು. ಅದನ್ನು ನೋಡಿಕೊಳ್ಳುವವನೇ ತಿರುಮಲೇಶ. ಐದು ವರ್ಷಗಳಿಂದ ಅಲ್ಲಿದ್ದರೂ ಸಂಘದವರು ಯಾರೂ ಅವನ ಹತ್ತಿರ ನಿಂತು ಮಾತಾಡಿದ್ದಿಲ್ಲ. ಗುಂಡಣ್ಣ ತೊಟ್ಟಿಯ ಮುಚ್ಚಳದ ಕಡೆ ಬಾಗಿದ ಕೂಡಲೇ ಅವನು ಅಂಗಿ ಹಿಡಿದು ಹಿಂದಕ್ಕೆಳೆದ.

“ಬಗ್ಗಬೇಡಿ ಸಾರ್. ಈ ಗ್ಯಾಸ್ ಕಡಿಮೆ ಇದ್ರೆ ವಾಸನೆ, ಜಾಸ್ತಿ ಆದ್ರೆ ವಾಸನೇನೂ ಗೊತ್ತಾಗಲ್ಲ, ಆಳೇ ಬಿದ್ದೋಗ್ತಾನೆ.”

“ಅಂದ್ರೆ ವಾಸನೆ ಇಲ್ಲಿಂದಾನಾ?”

“ಇನ್ನೆಲ್ಲಿಂದ? ನಾನು ಮೂರು ಸಲ ಕಂಪ್ಲೇಂಟ್ ಬುಕ್ಕಲ್ಲಿ ಬರೆದೆ. ನೀವೇ ಸೈನ್ ಮಾಡಿದೀರಾ, ‘ಪರಿಶೀಲಿಸಲಾಗುವುದು’ ಅಂತ.”

ಗುಂಡಣ್ಣನವರಿಗೆ ಮರೆತಿರಲಿಲ್ಲ. ಓದಿರಲಿಲ್ಲ, ಅಷ್ಟೇ.

ತಿರುಮಲೇಶ ಒಂದು ಖಾಲಿ ಡಬ್ಬಿಯನ್ನು ಬೋರಲು ಹಾಕಿ ಅವರನ್ನು ಕೂರಿಸಿ ಪಾಠ ಶುರುಮಾಡಿದ. ಯಾರೋ ಕೊನೆಗೂ ಕೇಳಿದರೆಂಬ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು.

“ನಮ್ಮ ತೊಟ್ಟೀಲಿ ಇರೋದು ಹುಳಗಳು ಸಾರ್. ಕಣ್ಣಿಗೆ ಕಾಣಲ್ಲ, ಕೋಟಿಗಟ್ಲೆ ಇದಾವೆ. ಈರುಳ್ಳಿ, ಬೇಳೆ, ಸೋಪಿನ ಪುಡಿ, ಎಲ್ಲದರಲ್ಲೂ ಒಂಚೂರು ಗಂಧಕ ಇರುತ್ತೆ, ಎಲ್ಲಾ ಇಲ್ಲಿಗೇ ಬರುತ್ತೆ. ಗಾಳಿ ಇಲ್ಲ ಅಂದ್ರೆ ಒಂದು ಜಾತಿ ಹುಳ ಎದ್ದು ಅದನ್ನ ಈ ಗಬ್ಬು ಗ್ಯಾಸ್ ಮಾಡುತ್ತೆ. ಗಾಳಿ ಇದ್ರೆ ಇನ್ನೊಂದು ಜಾತಿ ಬಂದು ಆ ಗ್ಯಾಸನ್ನೇ ಊಟ ಮಾಡುತ್ತೆ. ಮೊದಲು ಹಳದಿ ಗಂಧಕ ಆಗುತ್ತೆ, ಆಮೇಲೆ ನೀರಲ್ಲಿ ಕರಗೋ ಉಪ್ಪು ಥರ ಆಗಿ ಹೋಗುತ್ತೆ. ವಾಸನೆ ಇಲ್ಲ, ತಂಟೆ ಇಲ್ಲ.”

“ಮತ್ತೆ ನಮ್ಮ ಒಳ್ಳೇ ಹುಳಗಳಿಗೆ ಏನಾಯ್ತು?”

“ಉಸಿರು ಕಟ್ಟಿ ಸತ್ವು. ಅವಕ್ಕೆ ಗಾಳಿ ಊದೋ ಬ್ಲೋವರ್ ನಿಲ್ಲಿಸಿದ್ರಲ್ಲ.”

“ಯಾರು ನಿಲ್ಲಿಸಿದ್ದು?”

ತಿರುಮಲೇಶ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಶ್ರಾವಣದ ಸುತ್ತೋಲೆ ನೇತಾಡುತ್ತಿತ್ತು. ಬ್ಲೋವರಿನ ಸದ್ದು ಏಕಾಂತಯ್ಯನವರ ಪೂಜೆಮನೆಯ ನೆಲಕ್ಕೇ ತಗಲುತ್ತಿದೆ, ಆದ್ದರಿಂದ ಬೆಳಗ್ಗೆ ನಾಲ್ಕರಿಂದ ಒಂಬತ್ತರವರೆಗೆ ಬಂದ್. ಕೆಳಗೆ ಗೌರಿಹಬ್ಬದ ತಿದ್ದುಪಡಿ: ಸಂಜೆ ಐದರಿಂದ ಹತ್ತು ಬಂದ್. ಅದರ ಕೆಳಗೆ ಮಕ್ಕಳ ಪರೀಕ್ಷೆಯ ತಿದ್ದುಪಡಿ: ಮಧ್ಯಾಹ್ನ ಎರಡರಿಂದ ಐದು, ರಾತ್ರಿ ಹತ್ತರಿಂದ ನಾಲ್ಕು ಬಂದ್. ಎಲ್ಲ ಸೇರಿ ದಿನಕ್ಕೆ ಐದು ಗಂಟೆ ಗಾಳಿ ಉಳಿದಿತ್ತು. ಮೂರೂ ಕಡೆ ಗುಂಡಣ್ಣನವರ ದುಂಡನೆಯ ಸಹಿ.

“ಅದಾದ್ಮೇಲೂ ಅರ್ಧ ಜೀವ ಉಳ್ಕೊಂಡಿದ್ವು ಸಾರ್,” ಎಂದ ತಿರುಮಲೇಶ, ಸಾವಿನ ಮನೆಗೆ ಬಂದವರಿಗೆ ಹೇಳುವ ದನಿಯಲ್ಲಿ. “ಅಷ್ಟರಲ್ಲಿ ನಲವತ್ತೆಂಟು ಮನೆಯಿಂದ ಫಿನಾಯಿಲ್ ಬಂತು.”

“ಬ್ಲೀಚಿಂಗ್ ಹಾಕಿದಾಗ ಎರಡು ದಿನ ವಾಸನೆ ನಿಂತಿತ್ತಲ್ಲಪ್ಪ?”

“ಗಾಳಿ ಮಾಡೋ ಕೆಲಸಾನೇ ಬ್ಲೀಚಿಂಗೂ ಮಾಡುತ್ತೆ. ಇರೋ ಗ್ಯಾಸನ್ನ ಸುಟ್ಟಾಕುತ್ತೆ, ಜೊತೆಗೆ ತಿನ್ನೋ ಹುಳಾನೂ ಸುಟ್ಟಾಕುತ್ತೆ. ಗ್ಯಾಸ್ ನಾಳೆ ಮತ್ತೆ ಹುಟ್ಟುತ್ತೆ. ಹುಳ ಹುಟ್ಟೋಕೆ ಟೈಮ್ ಬೇಕು.”

ಬೆಳ್ಳಿ ಕಪ್ಪಾದದ್ದೂ ಇದೇ ಗ್ಯಾಸಿನಿಂದ ಎಂದು ತಿರುಮಲೇಶ ಹೇಳಿ, ತನ್ನ ಸೊಂಟದ ಬೆಳ್ಳಿ ಉಡಿದಾರ ಎಳೆದು ತೋರಿಸಿದ. ಅದು ಇದ್ದಿಲ ಬಣ್ಣಕ್ಕಿತ್ತು. ಆಮೇಲೆ ಸ್ಕ್ರೂಡ್ರೈವರಿನಿಂದ ಒಳಕೋಣೆಯ ಮೇಲ್ಛಾವಣಿಯನ್ನು ಕೆರೆದ. ಗಟ್ಟಿ ಕಾಂಕ್ರೀಟು ನೆಂದ ಅವಲಕ್ಕಿಯಂತೆ ಬಿಳಿಬಿಳಿಯಾಗಿ ಉದುರಿತು. ಮೇಲೇರಿದ ಗ್ಯಾಸು ತೇವದ ಛಾವಣಿಗೆ ಅಂಟಿಕೊಳ್ಳುತ್ತದೆ, ಅಲ್ಲಿಯೂ ಹುಳಗಳಿವೆ, ಅವು ಅದನ್ನು ತಿಂದು ಗಂಧಕಾಮ್ಲ ಬಿಡುತ್ತವೆ, ಆಮ್ಲ ಸಿಮೆಂಟನ್ನು ತಿನ್ನುತ್ತದೆ. ನೀರಿನಲ್ಲಿ ಉಪಕಾರ ಮಾಡುವ ಕುಲವೇ ಛಾವಣಿ ಹತ್ತಿದರೆ ಮನೆ ಕೆಡವುತ್ತದೆ. ಅದರ ನೇರ ಮೇಲೆಯೇ ಏಕಾಂತಯ್ಯನವರು ಕಣ್ಣು ಮುಚ್ಚಿ ಕೂರುವ ಮಣೆ.

“ಈಗ ಬ್ಲೋವರ್ ಹಾಕಿದ್ರೆ ಭಾನುವಾರದೊಳಗೆ ಸರಿ ಹೋಗುತ್ತಾ?” ಭಾನುವಾರ ಸಂಘದ ಸಭೆ ಇತ್ತು. ಲತಾಮಣಿಯ ತೆರವಿಗೆ ಅಂತಿಮ ಒಪ್ಪಿಗೆ ಅಲ್ಲೇ.

“ಬೇರೆ ಕಡೆಯಿಂದ ಹುಳದ ಕೆಸರು ತಂದು ಬಿಡ್ಬೇಕು. ಸಗಣಿ, ಬೆಲ್ಲ ಹಾಕಿ ಸಾಕ್ಬೇಕು. ಮೂರು ವಾರ ಆಗುತ್ತೆ ಸಾರ್. ಅವೂ ಜೀವ ಅಲ್ವಾ, ಸುತ್ತೋಲೆ ಓದಲ್ಲ.”

ಭಾನುವಾರ ಹತ್ತು ಗಂಟೆಗೆ ಬೇಸ್‌ಮೆಂಟಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾದವು. ಬಂದವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದಿದ್ದರಿಂದ ಯಾರು ಏನು ಮಾತಾಡುತ್ತಿದ್ದಾರೆಂದು ತಿಳಿಯುವುದು ಕಷ್ಟವಾಗಿತ್ತು. ಪಂಕಜಾ ಎರಡನೆಯ ಸಾಲಿನಲ್ಲಿ ಕೂತಿದ್ದರು. ಲತಾಮಣಿ ಕೊನೆಯ ಕುರ್ಚಿಯಲ್ಲಿ, ಕೈಯಲ್ಲಿ ನೋಟಿಸು.

ಗುಂಡಣ್ಣ ಎದ್ದು, ಒಳ್ಳೆಯ ಗುಮಾಸ್ತನಂತೆ, ತಮ್ಮ ಹೆಸರು ಎಲ್ಲೂ ಬರದ ಹಾಗೆ ವಿಷಯ ಮಂಡಿಸಿದರು. ಹುಳಗಳಿಗೆ ಗಾಳಿ ಸಾಲದಾಗಿರುವುದು ಕಂಡುಬಂದಿದೆ. ಬ್ಲೋವರನ್ನು ನಿಲ್ಲಿಸಲಾಗಿತ್ತೆಂದು ತಿಳಿದುಬಂದಿದೆ. ವಾಸನೆಗೂ ನಾಲ್ಕನೆಯ ಮಹಡಿಗೂ ಸಂಬಂಧವಿಲ್ಲದಿರಬಹುದು. ತಿರುಮಲೇಶ ಹಿಂದೆ ನಿಂತು ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದ.

ಏಕಾಂತಯ್ಯ ಪೂರ್ತಿ ಕೇಳಿದರು. ಅವರು ಕೆಟ್ಟವರಲ್ಲ, ಹಟಮಾರಿ ಮಾತ್ರ.

“ಬ್ಲೋವರ್ ಹಾಕಿಸೋಣ. ನನ್ನ ಪೂಜೆಗೆ ತೊಂದರೆ ಆದ್ರೂ ಪರವಾಗಿಲ್ಲ. ಆದ್ರೆ ತೊಟ್ಟಿ ವಾಸನೆ ಬೇರೆ, ಮೊಟ್ಟೆ ವಾಸನೆ ಬೇರೆ. ಮೇಲೆ ಬೇಯಿಸ್ತಿರೋದು ಮೊಟ್ಟೇನೇ ಅಂತ ಎಲ್ಲರೂ ಹೇಳ್ತಿದಾರೆ. ಅಲ್ಲ ಅಂತ ಹೇಳೋಕೆ, ಮೊಟ್ಟೆ ಬೇಯಿಸಿದ್ರೆ ಹೆಂಗಿರುತ್ತೆ ಅಂತ ಗೊತ್ತಿರೋರು ಈ ಸಭೇಲಿ ಯಾರಾದ್ರೂ ಇದಾರಾ?”

ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು. ಒಬ್ಬರಿಗೆ ಇದ್ದಕ್ಕಿದ್ದಂತೆ ಫೋನು ಬಂದ ಹಾಗಾಯಿತು. ಗುಂಡಣ್ಣ ಪಂಕಜಾರ ಕಡೆ ನೋಡಿದರು, ಆಮೇಲೆ ಕೊನೆಯ ಕುರ್ಚಿಯ ಕಡೆ. ಹುಡುಗಿ ತಲೆ ತಗ್ಗಿಸಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಇಂಥ ಸಭೆಗಳು ಹೇಗೆ ಮುಗಿಯುತ್ತವೆಂದು ಮೊದಲೇ ಗೊತ್ತಿರುವವಳಂತೆ.

“ನಾನಿದೀನಿ,” ಎಂದರು ಗುಂಡಣ್ಣ.

“ಏನು?” ಎಂದರು ಏಕಾಂತಯ್ಯ.

“ನನಗೆ ಗೊತ್ತು. ನಾನು ತಿಂತೀನಿ. ಪ್ರತಿ ಬುಧವಾರ, ಇಪ್ಪತ್ತೆರಡು ವರ್ಷದಿಂದ. ಬೇಯಿಸಿದ ಮೊಟ್ಟೆಗೆ ಈ ವಾಸನೆ ಇಲ್ಲ. ಕೊಳೆತ ಮೊಟ್ಟೆಗೆ ಇದೆ, ಅದನ್ನ ಯಾರೂ ತಿನ್ನಲ್ಲ.” ಶುರುವಾದದ್ದು ನಿಲ್ಲಲಿಲ್ಲ. “ಬ್ಲೋವರ್ ನಿಲ್ಲಿಸಲಾಗಿತ್ತು ಅಂದ್ನಲ್ಲ, ನಿಲ್ಲಿಸಿದ್ದು ನಾನೇ. ಫಿನಾಯಿಲ್ ಹಾಕ್ಸಿ ಹುಳ ಸಾಯ್ಸಿದ್ದೂ ನಾನೇ. ಈ ನೋಟಿಸ್ ಬರೆದಿದ್ದೂ ನಾನೇ. ಇವತ್ತು ಅದನ್ನ ವಾಪಸ್ ತಗೋತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೊನೆಗೆ ಅಧ್ಯಕ್ಷರು, “ನೋಟಿಸ್ ರದ್ದು,” ಎಂದು ಬರೆಸಿ, ಎದ್ದು, ತಿರುಮಲೇಶನ ಜೊತೆ ಛಾವಣಿ ನೋಡಲು ಹೊರಟರು. ಕಾರ್ಯದರ್ಶಿಯ ಕಡೆ ತಿರುಗಿಯೂ ನೋಡಲಿಲ್ಲ.

ಗುಂಡಣ್ಣನವರಿಗೆ ಒಳಗೊಳಗೇ ಒಂದು ಬಗೆಯ ಹಿಗ್ಗು. ಒಂದು ತ್ಯಾಗ ಮಾಡಿದೆನೆಂಬ ಹಿಗ್ಗು ಅದು. ಲತಾಮಣಿ ಹತ್ತಿರ ಬಂದಾಗ ಅವರು ದನಿ ತಗ್ಗಿಸಿ, ಒಂದೇ ಪಂಗಡದವರ ಸಲಿಗೆಯಿಂದ ಹೇಳಿದರು:

“ನೀನು ಆರಾಮಾಗಿ ಮಾಡ್ಕೊಂಡು ತಿನ್ನಮ್ಮ. ಇನ್ಮೇಲೆ ಯಾರೂ ಕೇಳಲ್ಲ.”

“ನಾನು ಮೊಟ್ಟೆ ತಿನ್ನಲ್ಲ ಅಂಕಲ್. ತಿಂದ್ರೆ ಮೈಯೆಲ್ಲ ದದ್ದು ಏಳುತ್ತೆ. ಚಿಕ್ಕ ವಯಸ್ಸಿಂದ.”

ಗುಂಡಣ್ಣ ಕಣ್ಣು ಕಣ್ಣು ಬಿಟ್ಟರು. “ಮತ್ತೆ ಹೇಳ್ಬಾರ್ದಿತ್ತಾ?”

“ಯಾರಿಗೆ? ನಿಮ್ಮಲ್ಲಿ ಒಬ್ರೂ ಬಂದು ಕೇಳಲಿಲ್ಲ. ನೇರವಾಗಿ ‘ಕಂಡುಬಂದಿದೆ’ ಅಂತ ಕಾಗದ ಬಂತು. ಕಂಡೋರು ಯಾರು ಅಂತ ಕೇಳೋಣ ಅಂತಾನೇ ಇವತ್ತು ಬಂದೆ. ಥ್ಯಾಂಕ್ಸ್ ಅಂಕಲ್. ನಿಮಗೆ ಕಷ್ಟ ಆಯ್ತು, ಗೊತ್ತಾಗುತ್ತೆ.” ಅವಳು ನೋಟಿಸನ್ನು ಮಡಚಿ ಅವರ ಕೈಗೇ ಕೊಟ್ಟು ಮೆಟ್ಟಿಲು ಹತ್ತಿದಳು. ಹಿಗ್ಗೆಲ್ಲ ಇಳಿದುಹೋಯಿತು.

ಮನೆಯಲ್ಲಿ ಪಂಕಜಾ ಹುಳಿಗೆ ಒಗ್ಗರಣೆ ಹಾಕಿದರು, ತಟ್ಟೆ ಇಟ್ಟರು, ಬಡಿಸಿದರು. ಗುಂಡಣ್ಣ ಬೈಗುಳಕ್ಕೆ, ಅಳುವಿಗೆ, ಪಾತ್ರೆ ಕುಕ್ಕುವ ಸದ್ದಿಗೆ, ಎಲ್ಲಕ್ಕೂ ತಯಾರಾಗಿ ಕೂತಿದ್ದರು. ಯಾವುದೂ ಬರಲಿಲ್ಲ. ಎರಡನೆಯ ಸಲ ಅನ್ನ ಹಾಕುವಾಗ ಪಂಕಜಾ ಎದುರಿಗೆ ಕೂತರು.

“ಪಾರ್ಕಿಂಗಲ್ಲಿ ಕೂತಿದ್ದ ಅಷ್ಟು ಜನಕ್ಕೆ ಹೇಳಿದ್ರಿ. ನನಗೂ ಅವರ ಜೊತೇಲೇ ಗೊತ್ತಾಯ್ತು. ಎರಡನೇ ಸಾಲಲ್ಲಿ.”

“ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.”

“ಕೇಳಿದ್ರಾ ನನ್ನ?”

ಗುಂಡಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದರು. ಒಂದು ಗಂಟೆಯ ಹಿಂದೆ ಆ ಹುಡುಗಿ ಹೇಳಿದ್ದೂ ಇದನ್ನೇ. ಒಬ್ಬಳನ್ನು ಎರಡು ವಾರ, ಇನ್ನೊಬ್ಬಳನ್ನು ಇಪ್ಪತ್ತೆರಡು ವರ್ಷ, ಕೇಳದೆಯೇ ತೀರ್ಮಾನ ಮಾಡಿ ಕಡತ ಮುಚ್ಚಿಬಿಟ್ಟಿದ್ದರು.

“ಇಲ್ಲ,” ಎಂದರು.

“ಈಗ ಕೇಳಿ.”

“ನಾನು ಬುಧವಾರ ಮೊಟ್ಟೆ ತಿಂದ್ರೆ ನಿನಗೆ ಬೇಜಾರಾಗುತ್ತಾ?”

ಪಂಕಜಾ ನಿಜವಾಗಿಯೂ ಯೋಚಿಸಿದರು. ಹುಳಿಯ ಪಾತ್ರೆಯ ಸೌಟನ್ನು ಸುಮ್ಮನೆ ಒಂದೆರಡು ಸಲ ತಿರುಗಿಸಿದರು.

“ಆಗುತ್ತೆ,” ಎಂದರು. “ತಿನ್ನಬೇಡಿ ಅನ್ನಲ್ಲ. ಆದ್ರೆ ಬೇಜಾರಾಗುತ್ತೆ. ಅದು ನಿಮಗೆ ಗೊತ್ತಿರಲಿ.”

ಬುಧವಾರ ಸಂಜೆ ಐದಕ್ಕೆ ಗುಂಡಣ್ಣ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ಬಂದರು. ಪಂಕಜಾ ಹೂ ಕಟ್ಟುತ್ತಿದ್ದರು. ಹೊರಡುವುದೋ ಬಿಡುವುದೋ ಎಂದು ಗುಂಡಣ್ಣ ಒಂದು ಕಾಲು ಚಪ್ಪಲಿಯಲ್ಲಿಟ್ಟು ಒಂದು ಕಾಲು ಹೊರಗಿಟ್ಟು ತುಂಬಾ ಹೊತ್ತು ನಿಂತರು. ಆಮೇಲೆ ಹೊರಟರು. ಹೊರಡುವ ಮುಂಚೆ, ಮೊಟ್ಟಮೊದಲ ಬಾರಿಗೆ, ಎಲ್ಲಿಗೆ ಹೋಗುತ್ತಿದ್ದೇನೆಂದು ನಿಜ ಹೇಳಿದರು.